ಹೊಲದ ತುಂಬ ಪಾಂಡವರು

ಹಸಿ ಸುಣ್ಣದ ವಾಸನೆ ಬಡಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇಂದು ಎಳ್ಳಮಾವಾಸ್ಯೆ. ಹೊಲದಲ್ಲಿ ಪಾಂಡವರೆಂದು ಪೂಜಿಸಲು ಸೊಸೆ ಐದು ಕಲ್ಲಿಗೆ ಸುಣ್ಣ ಹಚ್ಚುತ್ತಿದ್ದಾಳೆ. ನಾನೋ, ದೊಡ್ಡ ಧೈರ್ಯವಂತೆ, ಬಾಗಿಲ ಹಿಂದೆ ನಿಂತಿದ್ದೇನೆ. ನಗಬೇಡಿ, ಕಾರಣವಿದೆ.

ಎಂಬತ್ತರ ದಶಕದ ಕೊನೆಯ ಮಾತು. ದಿಗ್ಗೇವಾಡಿಗೆ ನಾನು ಹೊಸ ಸೊಸೆ. ಚರಗಕ್ಕೆಂದು, ಅಂದರೆ ಎಡೆಯ ಅಡುಗೆಯನ್ನು ಬೆಳೆಗೆಲ್ಲ ಎರಚಲು, ಹೊಲಕ್ಕೆ ಹೋದರೆ ಸುಣ್ಣದ ಕಲ್ಲುಗಳು ಆಗಲೇ ನಿಂತಿದ್ದವು. ಮಗ, ಅಂದರೆ ನನ್ನವರು, ಮುಂಚೆಯೇ ಬಂದು ಇಟ್ಟಿರಬೇಕೆಂದು ಅತ್ತೆ ನನ್ನ ಕೈಯಿಂದ ಕುಂಕುಮ ಹಚ್ಚಿಸಿ, ಸಜ್ಜಿರೊಟ್ಟಿ ಎಡೆ ಇಟ್ಟರು. ಐದು ಕಲ್ಲಾಯಿತು, ಆರಾಯಿತು. ಕಲ್ಲಿನ ಸಾಲು ನಮ್ಮ ಬಾವಿ ದಾಟಿ ಹೊಳೆಯತ್ತ ನೆಟ್ಟಗೆ ಹೊರಟಿತ್ತು.

“ಏನವಾ ಇದು, ಪಾಂಡವರು ಇಷ್ಟ್ಯಾಕ ಆಗ್ಯಾರ?” ಅತ್ತೆ ಕೇಳಿದರು.

ನಾನು ನಕ್ಕೆ. ಅತ್ತೆ ನಗಲಿಲ್ಲ.

ಅವು ಸರಕಾರ ಮಾಡಲಿದ್ದ ವಿಮಾನ ಇಳಿಯುವ ಪಟ್ಟಿಯ ಗುರುತಿನ ಕಲ್ಲುಗಳು. ಎಡೆಗೆ ಕಾಗೆ ಮುತ್ತಿದ್ದನ್ನು ಕಂಡು ಅಳತೆಯ ಸಾಹೇಬ ಓಡಿಬಂದ. “ಬಾಯಾರ, ಹಕ್ಕಿ ಬಂದ್ರ ವಿಮಾನಕ್ಕ ಅಪಾಯ ಐತ್ರಿ. ಗಿಡಾ, ಬಾವಿ ಎಲ್ಲಾ ತೆಗೀತೀವಿ.”

“ಗಿಡಾ ಒಯ್ರಿ. ಬಾವಿ ಒಂದ ಬಿಡ್ರಿ, ನಿಮ್ಮ ಕಾಲ ಬೀಳ್ತೀನಿ!” ಅತ್ತೆ ಅಂಗಲಾಚಿದರು.

ಅದು ಮಾವನವರು ತೋಡಿದ ಬಾವಿ. ಚರಗ ಎರಚುವಾಗ ಒಬ್ಬರು “ಹುಲ್ಲುಲ್ಲಿಗೋ” ಎಂದು ಕೂಗಿದರೆ ಜೊತೆಯವರು “ಚೆಲ್ಲಂಬ್ರಿಗೋ” ಎನ್ನಬೇಕು. ಮಾವ ತೀರಿಕೊಂಡ ಮೇಲೆ ಅತ್ತೆ ಬಾವಿಯೊಳಗೆ ಬಗ್ಗಿ ಕೂಗುತ್ತಿದ್ದರಂತೆ. ಅವರ ಮಾತೇ ಅವರಿಗೆ ವಾಪಸು ಬರುತ್ತಿತ್ತು, ಅಷ್ಟೆ.

ಬಾವಿ ಮುಚ್ಚಿದರು. ಬನ್ನಿಮರ ಕಡಿದು ರೋಲರ್ ಹೊಡೆದರು. ವಿಮಾನ ಮಾತ್ರ ಬರಲೇ ಇಲ್ಲ. ಆ ನೆಲದೊಳಗೆ ಮಳೆನೀರು ಇಳಿಯದೆ ಪಕ್ಕದ ಕಬ್ಬಿಗೆ ನುಗ್ಗುತ್ತಿತ್ತು. ಹಕ್ಕಿಗಳು ಅದರ ಮೇಲೆ ಹಾರುವುದನ್ನೂ ಬಿಟ್ಟವು.

ಮುಂದಿನ ಎಳ್ಳಮಾವಾಸ್ಯೆಗೆ, ನಡುಮಧ್ಯಾಹ್ನ, ಅತ್ತೆ ಬಾವಿಯಿದ್ದ ಜಾಗದಲ್ಲಿ ನಿಂತು ಕೂಗಿದರು: “ಹುಲ್ಲುಲ್ಲಿಗೋ!”

ನಾನು ಬಾಯಿ ತೆರೆಯುವ ಮೊದಲೇ ಕಾಲಡಿಯಿಂದ ಗಂಡು ದನಿ ಬಂತು: “ಚೆಲ್ಲಂಬ್ರಿಗೋ!”

ಸುತ್ತ ನರಪಿಳ್ಳೆಯೂ ಇರಲಿಲ್ಲ. ಬುಟ್ಟಿ ಬಿಸಾಕಿ ಓಡಿದೆ. ತಿರುಗಿ ನೋಡಿದರೆ ಅತ್ತೆ ಕೂತು ಮಣ್ಣು ಸವರುತ್ತಿದ್ದರು. “ಇಲ್ಲೇ ಅದೀರೇನ್ರಿ?” ಎನ್ನುತ್ತಿದ್ದರು.

ಆಮೇಲೆ ನಾನು ಆ ಕಡೆ ಹಾಯಲಿಲ್ಲ. ಅತ್ತೆ ಇರುವವರೆಗೂ ಒಬ್ಬರೇ ಹೋಗಿಬಂದರು.

“ಅತ್ತಿ, ಬರ್ತೀರಿಲ್ಲೋ? ಹೊತ್ತಾತು,” ಸೊಸೆ ಕರೆಯುತ್ತಿದ್ದಾಳೆ. ನನ್ನವರು ತೀರಿಹೋಗಿ ಎರಡು ವರ್ಷವಾಯಿತು. ಅವರು ಈಜು ಕಲಿತದ್ದು ಅದೇ ಬಾವಿಯಲ್ಲಿ.

ಬಾಗಿಲು ಬಿಟ್ಟು ಹೊರಗೆ ಬಂದೆ. “ಮೊದಲ ಆ ಬಾವಿ ಇದ್ದ ಬಯಲಿಗೆ ಹೋಗೂಣು ನಡಿ,” ಎಂದೆ. “ನಾ ಕೂಗತೀನಿ. ನೀ ಮಾತ್ರ ಉತ್ತರಾ ಕೊಡಬ್ಯಾಡ.”