ತಪಾಸಣೆಯಾಗದ ವಿಮಾನ

ಶೈಮಾ, ಅವತ್ತು ಇಂಜಿನ್ ನಿಂತದ್ದು ನಿನ್ನ ಕೈತಪ್ಪಿನಿಂದಲ್ಲ. ಅದು ನನಗೆ ನಾಲ್ಕು ವರ್ಷಗಳಿಂದ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನಪ್ಪ ಹಮೀದಾಕ ಇದನ್ನು ಓದಿದ ಮೇಲೆ ನನ್ನ ಮುಖ ನೋಡುತ್ತಾರೋ ಇಲ್ಲವೋ...

ಹಮೀದಾಕ ನಮ್ಮ ಅರಬ್ ಧಣಿ ಅರ್ಬಾಬರ ಡ್ರೈವರ್, ನಾನು ಅವರ ಆಫೀಸಿನ ಗುಮಾಸ್ತ. ಪೋರ್ಚುಗಲ್‌ನಲ್ಲಿ ಅರ್ಬಾಬರದೊಂದು ನಾಲ್ಕು ಸೀಟಿನ ಸಣ್ಣ ವಿಮಾನ, ರಜೆಗೆ ಹೋದಾಗ ತಾವೇ ಹಾರಿಸುವ ಶೋಕಿ. ನೀನು ಪೈಲಟ್ ಆಗಲು ಅಲ್ಲಿನ ಶಾಲೆಗೇ ಸೇರಿದೆ. ಶಾಲೆಯ ವಿಮಾನಗಳಿಗೆ ವಾರಗಟ್ಟಲೆ ಸರದಿ ಕಾಯಬೇಕಿತ್ತು. ಹಮೀದನ ಮಗಳು ನನ್ನ ವಿಮಾನದಲ್ಲೇ ಕಲಿಯಲಿ ಎಂದರು ಅರ್ಬಾಬ್. ಇಲ್ಲಿ ಗುದೈಬಿಯಾದ ನಮ್ಮ ಕಟ್ಟಡದಲ್ಲಿ ಅವತ್ತು ನಿನ್ನಮ್ಮ ಮನೆಮನೆಗೆ ಪಾಯಸ ಕೊಟ್ಟಿದ್ದರು.

ಶಾಲೆಯವರು ನನಗೆ ಒಂದು ಫಾರ್ಮ್ ಕಳಿಸಿದರು, ಜೊತೆಗೆ ಅಲ್ಲಿನ ನಿಯಮವನ್ನೂ ಬಿಡಿಸಿ ಬರೆದಿದ್ದರು. ಮಾಲೀಕ ತನ್ನ ವಿಮಾನವನ್ನು ತಾನೇ ಹಾರಿಸುವಷ್ಟು ದಿನ ಸಣ್ಣಪುಟ್ಟ ಕೆಲಸಕ್ಕೆ ಅವನ ಸಹಿಯೇ ನಡೆಯುತ್ತದೆ. ಅದೇ ವಿಮಾನದಲ್ಲಿ ಶಾಲೆ ಪಾಠ ಮಾಡುವುದಾದರೆ, ಮೊದಲು ಮಾನ್ಯತೆಯಿರುವ ವರ್ಕ್‌ಶಾಪ್ ಪೂರ್ತಿ ಬಿಚ್ಚಿ ನೋಡಿ ಸಹಿ ಹಾಕಬೇಕು. ನಾನು ವರ್ಕ್‌ಶಾಪಿಗೆ ಬರೆದೆ. ಅವರು ಮೂರು ವಾರ ಮುಂದಿನ ದಿನ ಕೊಟ್ಟರು.

ಇಲ್ಲಿ ನಮ್ಮ ಕೆಲಸ ಹೇಗೆ ಅಂತ ನಿನಗೆ ಗೊತ್ತಲ್ಲ — ಅಪಾಯಿಂಟ್‌ಮೆಂಟ್ ಸಿಕ್ಕಿತೆಂದರೆ ‘ಖಲಾಸ್’, ಕೆಲಸ ಮುಗಿಯಿತು, ಎಂದುಬಿಡುತ್ತೇವೆ. ವೀಸಾ ಆಗಲಿ, ವಾಹನದ ಪಾಸಿಂಗ್ ಆಗಲಿ, ಸೀಲು ಹಿಂದಿನಿಂದ ಬರುತ್ತದೆ, ಬಂದೇ ಬರುತ್ತದೆ. ಇಪ್ಪತ್ತು ವರ್ಷ ಹಾಗೆಯೇ ನಡೆದಿತ್ತು. ಯುರೋಪಿನ ಆ ಫಾರ್ಮಿನಲ್ಲೂ ‘ತಪಾಸಣೆ ಆಗಿದೆ’ ಎಂಬಲ್ಲಿ ಗುರುತು ಹಾಕಿದೆ. ವರ್ಕ್‌ಶಾಪಿನ ಕಾಗದ ಆಮೇಲೆ ಕಳಿಸುತ್ತೇನೆ ಎಂದು ಕೆಳಗೆ ಬರೆದೆ. ಅವರು ನಂಬಿದರು.

ನೀನು ಫೋನ್ ಮಾಡಿದೆ.

“ರತ್ನಾಕರ ಅಂಕಲ್, ಪೇಪರ್ ಎಲ್ಲ ಆಯ್ತಾ? ನಾಳೆಯಿಂದ ಹಾರ್ಬಹುದಾ ನಾನು?”

“ಎಲ್ಲ ಆಗಿದೆ ಮಾರಾಯ್ತಿ. ನೀನು ಧೈರ್ಯದಲ್ಲಿ ಹಾರು.”

ಧೈರ್ಯದಲ್ಲಿ ಹಾರು — ನಾನೇ ಹೇಳಿದ್ದು.

ಹತ್ತನೆಯ ದಿನ ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಇಂಜಿನ್ ನಿಂತಿತು. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಹೇಗೋ ಒಂದು ಗದ್ದೆಯಲ್ಲಿ ಇಳಿಸಿದ. ಇಬ್ಬರೂ ಉಳಿದಿರಿ. ಗಾಬರಿಯಲ್ಲಿ ಹುಡುಗಿ ಇಂಧನದ ಹಿಡಿ ತಿರುಗಿಸಿ ಬಂದ್ ಮಾಡಿರಬೇಕು ಎಂದ ಅವನು. ನೀನೂ ಅಳುತ್ತಾ, ಇರಬಹುದು, ನನಗೆ ನೆನಪಿಲ್ಲ ಎಂದೆಯಂತೆ. ಶಾಲೆಯವರೂ ಅದನ್ನೇ ನಂಬಿ, ನನ್ನಿಂದ ಬಾಕಿಯಿದ್ದ ಕಾಗದ ಕೇಳಲೇ ಇಲ್ಲ.

ತಿಂಗಳ ನಂತರ, ಗದ್ದೆಗಿಳಿದ ವಿಮಾನವನ್ನು ಬಿಚ್ಚಿ ನೋಡಿದ ವರ್ಕ್‌ಶಾಪಿನ ಪತ್ರ ಬಂತು, ಮಾಲೀಕರ ಹೆಸರಿಗೆ, ಅಂದರೆ ನನ್ನ ಮೇಜಿಗೆ. ಇಂಧನದ ಪೈಪು ಹಳತಾಗಿ ಒಳಗೊಳಗೇ ಬಿರಿದಿತ್ತು. ಇಂಜಿನ್ ನಿಂತದ್ದು ಅದರಿಂದಲೇ. ತಪಾಸಣೆ ಮಾಡಿಸಿದ್ದರೆ ಆಗಲೇ ಸಿಗುತ್ತಿತ್ತು. ಮೂರು ಸಲ ಓದಿದೆ. ಶಾಲೆಗೆ ಕಳಿಸಲಿಲ್ಲ, ಅರ್ಬಾಬರಿಗೆ ತೋರಿಸಲಿಲ್ಲ, ನಿನಗೆ... ಭಯ ಶೈಮಾ. ಕೆಲಸ ಹೋದರೆ ವೀಸಾ ಹೋಗುತ್ತದೆ, ಪೊಲೀಸ್ ಕೇಸ್ ಆದರೆ ಊರಿಗೂ ಹೋಗುವ ಹಾಗಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆಗೆ ನಾಲ್ಕು ವರ್ಷವಾಯಿತು. ಈಗಲೂ ಪೋರ್ಚುಗಲ್‌ನ ನಂಬರಿನಿಂದ ಕರೆ ಬಂದರೆ ಎತ್ತದೆ ಬಿಡುತ್ತೇನೆ.

ನೀನು ಕಲಿಯುವುದನ್ನು ಬಿಟ್ಟು ಬಂದೆ. ಈಗ ಇಲ್ಲೇ ಜುಫೈರ್‌ನ ಹೋಟೆಲಿನಲ್ಲಿ ರಿಸೆಪ್ಷನ್. ಡ್ರೈವರ್ ಹಮೀದಾಕನ ಮಗಳು ಕಾರು ಸಹ ಮುಟ್ಟುವುದಿಲ್ಲ. ಮೊನ್ನೆ ಹಬ್ಬಕ್ಕೆ ನಿಮ್ಮನೆಗೆ ಬಂದಾಗ ಯಾಕೆಂದು ಕೇಳಿಬಿಟ್ಟೆ. ಕೇಳುವ ಮುಖವಾದರೂ ಇತ್ತೇ ನನಗೆ?

“ನನ್ನ ಕೈಯನ್ನು ನಂಬ್ಲಿಕ್ಕೆ ಆಗುದಿಲ್ಲ ಅಂಕಲ್. ಅವತ್ತು ಒಬ್ಬರನ್ನು ಕೊಲ್ತಿದ್ದೆ ನಾನು.”

ನಿನ್ನಮ್ಮ ಬಿರಿಯಾನಿ ಬಡಿಸುತ್ತಿದ್ದರು. ನಾನು ತಲೆ ತಗ್ಗಿಸಿ ಉಂಡೆ. ಉಂಡು, ಕೈ ತೊಳೆದು, ಮನೆಗೆ ಬಂದೆ. ಅಂಥವನು ನಾನು.

ವರ್ಕ್‌ಶಾಪಿನ ಆ ಪತ್ರದ ಪ್ರತಿ ಇದರ ಜೊತೆಗಿದೆ. ಕ್ಷಮಿಸು ಎಂದು ಕೇಳುವುದಿಲ್ಲ, ಆ ಹಕ್ಕು ನನಗಿಲ್ಲ. ನಿನಗೊಬ್ಬಳಿಗೇ ಬರೆದರೆ ಕೊನೆ ಗಳಿಗೆಯಲ್ಲಿ ಹೆದರಿ ಹರಿದುಹಾಕುತ್ತೇನೆಂದು ನನಗೆ ಗೊತ್ತಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಮೊದಲು ಶಾಲೆಗೆ, ಆಮೇಲೆ ಅರ್ಬಾಬರಿಗೆ, ನನ್ನ ಹೆಸರು ಹಾಕಿಯೇ ಎಲ್ಲವನ್ನೂ ಕಳಿಸಿದೆ. ಅರ್ಬಾಬ್ ಓದಿದ್ದಾರೆ. ನನ್ನನ್ನು ಒಳಗೆ ಕರೆದಿದ್ದಾರೆ.