ಅಕ್ರಿಲಿಕ್ಕಿಗೆ ಸ್ಪಿರಿಟ್

ಕುಮಾರಸ್ವಾಮಿ ಲೇಔಟಿನ ಆ ಇಂಜಿನಿಯರಿಂಗ್ ಕಾಲೇಜಿಗೆ ಸಂಶೋಧನೆಗೆಂದು ನಾನು ಸೇರಿದ ವಾರವೇ ಒಬ್ಬರ ಲ್ಯಾಬು ಅರ್ಧವಾಯಿತು. ಅರ್ಧ ಮಾಡಿದವಳು ನಾನಲ್ಲ, ಆಡಳಿತ ಮಂಡಳಿಯವರು. ಆದರೆ ಮಾಡಿದ್ದು ನನಗಾಗಿ. ಹಾಗಾಗಿ ಸಿಟ್ಟೆಲ್ಲ ನನ್ನ ಪಾಲಿಗೆ ಬಂತು. ಎಷ್ಟೋ ವರ್ಷಗಳಿಂದ ಲೋಹಗಳ ಪಾಠ ಹೇಳಿಕೊಂಡು ಬಂದ ಹಿರಿಯ ಪ್ರೊಫೆಸರರ ಕೋಣೆ ಅದು. ನಡುವೆ ಗಾಜಿನ ಅಡ್ಡಗೋಡೆ ಎಬ್ಬಿಸಿ, ಕಿಟಕಿಗಳಿದ್ದ ಅರ್ಧವನ್ನು ನನಗೆ ಬಿಟ್ಟುಕೊಟ್ಟರು. ನಾನು ಬಳಸುವ ದ್ರವದ ವಾಸನೆ ಹೊರಗೆ ಹೋಗಬೇಕಿತ್ತು, ಅದಕ್ಕೆ ಕಿಟಕಿ ಬೇಕಿತ್ತು. ಅವರಿಗೆ ಮಾತ್ರ ನಾನು ಬಂದು ಅವರ ಬೆಳಕು ಕಿತ್ತುಕೊಂಡ ಹಾಗೆ ಕಂಡಿತು. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ.

ನನ್ನ ಪಿಎಚ್‌ಡಿ ಅಕ್ರಿಲಿಕ್ ಮೇಲೆ. ಪುಸ್ತಕದಲ್ಲಿ ಅದಕ್ಕೆ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎನ್ನುತ್ತಾರೆ. ಅಂಗಡಿಗಳ ಹೊಳೆಯುವ ಬೋರ್ಡು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿನ ಗುಲಾಬಿ ಒಸಡು, ಮಂಡಿಗೆ ಹೊಸ ಕೀಲು ಕೂರಿಸುವಾಗ ಡಾಕ್ಟರು ಮೆತ್ತುವ ಸಿಮೆಂಟು, ಎಲ್ಲವೂ ಅದೇ ಜಾತಿಯದು. ಗಾಜಿಗಿಂತ ಸ್ವಚ್ಛವಾಗಿ ಬೆಳಕು ಹಾಯಬಿಡುತ್ತದೆ, ತೂಕದಲ್ಲಿ ಗಾಜಿನ ಅರ್ಧ, ಬಿಸಿಲಿಗೆ ಬಿದ್ದರೂ ಬೇಗ ಹಳದಿಯಾಗುವುದಿಲ್ಲ. ಇದರ ದೊಡ್ಡ ದೋಷವೆಂದರೆ ಬಗ್ಗದೆ ಒಡೆಯುವುದು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಇದೆಯಲ್ಲ, ಅದರ ಪಾರದರ್ಶಕ ಮುಚ್ಚಳ ಅಕ್ರಿಲಿಕ್ಕಿನದು. ನರ್ಸ್ ಕೈ ತೂರಿಸುವ ದುಂಡು ಕಿಂಡಿಗಳ ಸುತ್ತ ಅದು ಬಿರುಕು ಬಿಡುತ್ತದೆ. ಬಿರುಕು ಬಿಡದ ಮುಚ್ಚಳ ಮಾಡಬೇಕೆಂಬುದು ನನ್ನ ಯೋಜನೆಯಾಗಿತ್ತು. ಅಕ್ರಿಲಿಕ್ಕಿಗೆ ರಬ್ಬರಿನ ಅತಿ ಸಣ್ಣ ಕಣಗಳನ್ನು ಸೇರಿಸಿ ಗಟ್ಟಿತನ ತರಲು ನೋಡುತ್ತಿದ್ದೆ.

ಕೆಲಸ ಹೀಗೆ: ಎರಡು ಗಾಜಿನ ಹಲಗೆಗಳ ನಡುವೆ ಅಕ್ರಿಲಿಕ್ಕಿನ ಕಚ್ಚಾ ದ್ರವ ಸುರಿದು ಬಿಸಿನೀರಿನಲ್ಲಿ ನಿಧಾನವಾಗಿ ಗಟ್ಟಿಯಾಗಲು ಬಿಡಬೇಕು. ಅವಸರ ಮಾಡಿದರೆ ಒಳಗೇ ಕುದಿದು ಗುಳ್ಳೆ ಏಳುತ್ತದೆ. ಆಮೇಲೆ ಹಲಗೆಯನ್ನು ಲೇಸರ್‌ನಲ್ಲಿ ಪಟ್ಟಿಗಳಾಗಿ ಕತ್ತರಿಸಿ, ಯಂತ್ರಕ್ಕೆ ಸಿಕ್ಕಿಸಿ, ತುಂಡಾಗುವವರೆಗೆ ಎಳೆದು ನೋಡಬೇಕು. ಎಳೆಯುವ ಯಂತ್ರ ಇದ್ದದ್ದು ಅವರ ಅರ್ಧದಲ್ಲಿ.

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಆ ಕಡೆಯವರು" ಎನ್ನುತ್ತಿದ್ದರು. ನಾನು ಎದುರಿಗೇ ನಿಂತಿದ್ದರೂ ವಿದ್ಯಾರ್ಥಿಗಳ ಕಡೆ ತಿರುಗಿ, "ಏನ್ರೋ, ಬ್ಯೂಟಿ ಪಾರ್ಲರ್ ಓಪನ್ ಆಯ್ತಾ? ನೇಲ್ ಪಾಲಿಶ್ ವಾಸನೆ ಬರ್ತಾ ಇದೆ" ಎನ್ನುವರು. ಹುಡುಗರು ಮುಸಿಮುಸಿ ನಗುವರು. ಯಂತ್ರ ಬೇಕೆಂದರೆ ಹಿಂದಿನ ಸಂಜೆಯೇ ಪಟ್ಟಿಗಳನ್ನು ತಟ್ಟೆಯಲ್ಲಿಟ್ಟು ಹೋಗಬೇಕು, ಬೆಳಿಗ್ಗೆ ಅವರು ಬಿಡುವು ನೋಡಿ ಯಂತ್ರ ಕೊಡುತ್ತಾರೆ ಎಂಬ ನಿಯಮ ಮಾಡಿದ್ದರು. ನಾನು ಒಪ್ಪಿಕೊಂಡಿದ್ದೆ. ಮನಸ್ಸಿನಲ್ಲಿ ಬೈದುಕೊಂಡೇ ಒಪ್ಪಿಕೊಂಡಿದ್ದೆ.

ಪಟ್ಟಿಗಳು ಒಡೆಯತೊಡಗಿದವು. ಎಳೆದು ನೋಡುವಾಗ ಒಡೆಯಬೇಕಾದದ್ದೇ, ಆದರೆ ಇವು ಹಿಡಿತಕ್ಕೆ ಸಿಕ್ಕಿ ಸ್ವಲ್ಪ ಬಿಗಿಯಾಗುತ್ತಿದ್ದಂತೆ ಪಟ್ಟೆಂದು ಮುರಿಯುತ್ತಿದ್ದವು. ರಬ್ಬರ್ ಸೇರಿಸಿದ್ದೂ ಮುರಿಯಿತು, ಸೇರಿಸದಿದ್ದದ್ದೂ ಮುರಿಯಿತು. ಭೂತಗನ್ನಡಿ ಹಿಡಿದು ನೋಡಿದರೆ ಅಂಚಿನುದ್ದಕ್ಕೂ ಕೂದಲೆಳೆಯಂಥ ಬೆಳ್ಳಿ ಗೆರೆಗಳು. ದ್ರವ ಬದಲಾಯಿಸಿದೆ. ಬಿಸಿ ಇಳಿಸಿದೆ. ಗಾಜಿನ ಹಲಗೆಗಳನ್ನೇ ಹೊಸದಾಗಿ ತರಿಸಿದೆ. ಗೆರೆಗಳು ಹೋಗಲಿಲ್ಲ. ನನಗೆ ಗೈಡ್ ಆಗಿದ್ದವರು ನಮ್ಮ ವಿಭಾಗದ ಮುಖ್ಯಸ್ಥರೇ. ಅವರು ಪ್ರತಿಸಲ, "ನೀವು ಸುರಿದು ಮಾಡೋ ಕ್ಯಾಸ್ಟಿಂಗೇ ಸರಿಯಿಲ್ಲ ಅನ್ಸತ್ತೆ ಮೇಡಂ" ಎನ್ನುತ್ತ ಮೊಬೈಲು ನೋಡುತ್ತಿದ್ದರು. ಉತ್ತರಹಳ್ಳಿಯ ಮನೆಗೆ ಹಿಂದಿರುಗುವಾಗ ಸ್ಕೂಟರಿನ ಮೇಲೆ ಒಬ್ಬಳೇ ಮಾತಾಡಿಕೊಳ್ಳುವುದು ಅಭ್ಯಾಸವಾಯಿತು. ಸಿಗ್ನಲ್ಲಿನಲ್ಲಿ ಪಕ್ಕದವರು ತಿರುಗಿ ನೋಡಿದರೆ ಫೋನಿನಲ್ಲಿದ್ದೇನೆ ಎಂಬಂತೆ ನಟಿಸುತ್ತಿದ್ದೆ.

ಒಂದು ಸಂಜೆ ನನ್ನ ಸ್ಕೂಟರ್ ಕೈಕೊಟ್ಟಿತು. ರಿಪೇರಿಗೆ ಬಿಟ್ಟು, ತಡವಾದೀತೆಂದು ಮರುದಿನ ಬೆಳಗಾಗುತ್ತಲೇ ಬಸ್ ಹತ್ತಿದ್ದರಿಂದ ಎಂದಿಗಿಂತ ಮೊದಲೇ ಕಾಲೇಜು ತಲುಪಿದೆ. ಲ್ಯಾಬಿನ ಬಾಗಿಲು ತೆರೆದಿತ್ತು. ಗಾಜಿನ ಗೋಡೆಯ ಆಚೆ ಅವರು ಬೆನ್ನು ಮಾಡಿ ಕೂತಿದ್ದರು. ಎದುರಿಗೆ ನನ್ನ ತಟ್ಟೆ. ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್ ಬಾಟಲಿಗೆ ಅದ್ದಿ, ಒಂದೊಂದೇ ಪಟ್ಟಿಯನ್ನು ಎತ್ತಿ, ಎರಡೂ ಕಡೆ, ಅಂಚು ಬಿಡದ ಹಾಗೆ ಒರೆಸಿ ಇಡುತ್ತಿದ್ದರು.

ಅಕ್ರಿಲಿಕ್ಕಿಗೆ ಸ್ಪಿರಿಟ್ ಆಗುವುದಿಲ್ಲ. ಲೇಸರಿನ ಬಿಸಿಗೆ ಕತ್ತರಿಸಿದ ಅಂಚಿನಲ್ಲಿ ಬಿಗಿತ ಉಳಿದಿರುತ್ತದೆ. ಅದಕ್ಕೆ ಸ್ಪಿರಿಟ್ ತಾಗಿದರೆ ಒಳಗಿನ ಬಿಗಿತವೆಲ್ಲ ಬಿರುಕಾಗಿ ಹೊರಬರುತ್ತದೆ. ಅವರ ಕಡೆಗೆ ಹೋಗಿ ಬೆನ್ನ ಹಿಂದೆಯೇ ನಿಂತೆ.

"ಸರ್, ಏನ್ಮಾಡ್ತಾ ಇದೀರ?"

ಅವರು ಗಾಬರಿಯಾಗಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ಪೂರ್ತಿ ಒರೆಸಿ, ತಟ್ಟೆಯಲ್ಲಿಟ್ಟು, ಆಮೇಲೆ ತಿರುಗಿದರು. "ಧೂಳಿತ್ತು. ಕ್ಲೀನ್ ಮಾಡ್ದೆ. ನನ್ನ ಮಷೀನಿಗೆ ಕೊಳಕು ಸ್ಯಾಂಪಲ್ ಹಾಕಲ್ಲ ನಾನು."

"ಸ್ಪಿರಿಟ್ ಹಾಕಿದ್ರೆ ಕ್ರ್ಯಾಕ್ ಆಗತ್ತೆ ಅಂತ ನಿಮಗೆ ಗೊತ್ತು."

"ಗೊತ್ತು." ಅವರು ನಕ್ಕರು. "ಆಸ್ಪತ್ರೆಗೆ ಅಂತ ತಾನೇ ನೀವು ಮಾಡ್ತಿರೋದು? ಆಸ್ಪತ್ರೇಲಿ ಏನ್ ಗಂಗಾಜಲದಲ್ಲಿ ಒರೆಸ್ತಾರಾ? ಸ್ಪಿರಿಟ್ ತಡೀದೇ ಇರೋ ಪ್ಲಾಸ್ಟಿಕ್ ಇಟ್ಕೊಂಡು ಮಕ್ಕಳನ್ನ ಕಾಪಾಡ್ತಾರಂತೆ! ನನ್ನ ಕಿಟಕಿ ಹೋಗಿದ್ದು ಇದಕ್ಕೇನಾ?"

ನಾನು ತಟ್ಟೆಯನ್ನು ಎತ್ತಿಕೊಂಡು ನನ್ನ ಕಡೆಗೆ ಬಂದೆ. ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನ್ನು ಗಟ್ಟಿಯಾಗಿಯೇ ಆಡಿದೆ, ಅವರಿಗೆ ಕೇಳಿಸಿತು ಕೂಡ.

ಮುಖ್ಯಸ್ಥರ ಬಳಿ ಹೋದೆ. ಎಲ್ಲ ಕೇಳಿ ಅವರು ಕುರ್ಚಿಗೆ ಒರಗಿದರು. "ಸೀನಿಯರ್ ಅವರು. ಒರೆಸಿದ್ದು ತಪ್ಪು ಅಂತ ಹೇಗೆ ಹೇಳೋದು ಮೇಡಂ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ನನ್ನ ಒಂದು ವರ್ಷದ ಕೆಲಸ ಹಾಳಾಯ್ತು ಸರ್."

"ಮತ್ತೆ ಮಾಡಿ. ನಿಮಗಿನ್ನೂ ಚಿಕ್ಕ ವಯಸ್ಸು."

ನನಗಾಗ ಮೂವತ್ತೊಂಬತ್ತು.

ಅದೇ ವಾರ ಜಯನಗರದ ಒಂದು ನರ್ಸಿಂಗ್ ಹೋಮಿನಿಂದ ಫೋನು ಬಂತು. ಒಡೆದ ಹಳೆಯ ಮುಚ್ಚಳವಿದ್ದರೆ ಕೊಡಿ ಎಂದು ಕೇಳಿಟ್ಟಿದ್ದೆ. ಇದೆ, ಬಂದು ತೆಗೆದುಕೊಂಡು ಹೋಗಿ ಎಂದರು. ಚಪ್ಪಲಿ ಬಿಟ್ಟು, ಕೈ ತೊಳೆದು, ಮಕ್ಕಳ ವಾರ್ಡಿನ ಹೊರಗಿನ ಚಿಕ್ಕ ಕೋಣೆಯಲ್ಲಿ ನಿಂತೆ. ಒಳಗೆ ಒಬ್ಬ ನರ್ಸ್ ಖಾಲಿಯಿದ್ದ ಇನ್‌ಕ್ಯುಬೇಟರನ್ನು ಮುಂದಿನ ಮಗುವಿಗೆ ಸಿದ್ಧ ಮಾಡುತ್ತಿದ್ದರು. ಬಟ್ಟೆಯ ಮೇಲೆ ಬಾಟಲಿಯಿಂದ ಸುರಿದುಕೊಂಡು ಮುಚ್ಚಳವನ್ನು ಗಸಗಸ ಒರೆಸಿದರು. ಸ್ಪಿರಿಟ್ಟಿನ ವಾಸನೆ ನಾನಿದ್ದಲ್ಲಿಗೂ ಬಂತು.

"ಸಿಸ್ಟರ್, ಇದನ್ನ ಸೋಪಿನ ನೀರಲ್ಲಿ ಒರೆಸಬೇಕು ಅಂತಲ್ವಾ?"

ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಂಪನಿಯವರಾ ನೀವು?"

"ಅಲ್ಲ, ಕಾಲೇಜಿಂದ."

"ಹಂಗಾದ್ರೆ ಸುಮ್ನಿರಿ ಮೇಡಂ. ಆಚೆ ಇನ್ನೊಂದು ಮಗು ಕಾಯ್ತಾ ಇದೆ. ಸೋಪ್ ಹಾಕಿ, ತೊಳ್ದು, ಒಣಗ್ಸಿ... ಅಷ್ಟು ಹೊತ್ತು ಯಾರಿಗಿದೆ? ಇನ್‌ಫೆಕ್ಷನ್ ಆದ್ರೆ ನಮ್ ತಲೆಗೇ ಕಟ್ತಾರೆ."

ನನಗೆ ತಂದುಕೊಟ್ಟ ಒಡೆದ ಮುಚ್ಚಳದ ಕಿಂಡಿಯ ಸುತ್ತ ಅದೇ ಬೆಳ್ಳಿ ಗೆರೆಗಳು. ನನ್ನ ಪಟ್ಟಿಗಳ ಮೇಲೆ ಯಾವುದನ್ನು ತಿಂಗಳುಗಟ್ಟಲೆ ನೋಡಿದ್ದೆನೋ ಅದೇ. ನಾನು ಅಲ್ಲಿ ನಿಂತು ಪ್ರೊಫೆಸರರನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದೆ. ಅವರು ಬರೀ ಕೆಟ್ಟವರಾಗಿದ್ದರೆ ಸುಲಭವಿತ್ತು. ಅವರು ಕೆಟ್ಟತನದಿಂದ ಮಾಡಿದ ಕೆಲಸದೊಳಗೆ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಕೂತಿತ್ತು. ಅಕ್ರಿಲಿಕ್ ಎಳೆತಕ್ಕೆ ಎಷ್ಟು ತಡೆಯುತ್ತದೆ ಎಂದು ನೋಡುತ್ತ ಕೂತಿದ್ದೆನೇ ಹೊರತು ಆಸ್ಪತ್ರೆಯಲ್ಲಿ ಅದು ಹೇಗೆ ಬದುಕುತ್ತದೆ ಎಂದು ನೋಡಿರಲಿಲ್ಲ. ಒಡೆದ ಮುಚ್ಚಳವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ತಂದೆ. ದಾರಿಯುದ್ದಕ್ಕೂ ಅದು ತೊಡೆಯ ಮೇಲೆ ಭಾರವಾಗಿ ಕೂತಿತ್ತು.

ಅಲ್ಲಿಂದ ಮುಂದೆ ಕೆಲಸದ ದಿಕ್ಕನ್ನೇ ಬದಲಾಯಿಸಿದೆ. ಪಟ್ಟಿಗಳನ್ನು ಬೇಕೆಂದೇ ಬಗ್ಗಿಸಿ ಕಟ್ಟಿ, ಬೇಕೆಂದೇ ಸ್ಪಿರಿಟ್ ಒರೆಸಿ, ಬಿರುಕು ಯಾವಾಗ ಏಳುತ್ತದೆ ಎಂದು ಕಾದು ನೋಡಿದೆ. ರಬ್ಬರ್ ಕಣಗಳಿಂದ ಅಂದುಕೊಂಡಷ್ಟು ಉಪಯೋಗವಾಗಲಿಲ್ಲ. ಉಪಯೋಗವಾದದ್ದು ತೀರಾ ಸರಳವಾದ ಇನ್ನೊಂದು. ಕತ್ತರಿಸಿದ ಮೇಲೆ ಪಟ್ಟಿಗಳನ್ನು ಓವನ್ನಿನಲ್ಲಿ, ಮೆತ್ತಗಾಗದಷ್ಟು ಬಿಸಿಯಲ್ಲಿ, ಗಂಟೆಗಟ್ಟಲೆ ಇಟ್ಟು ನಿಧಾನವಾಗಿ ಆರಿಸಿದರೆ ಒಳಗಿನ ಬಿಗಿತ ಇಳಿಯುತ್ತದೆ. ಹಾಗೆ ಆರಿಸಿದವು ಸ್ಪಿರಿಟ್ಟಿಗೆ ಬಹಳ ಹೊತ್ತು ಜಗ್ಗಲಿಲ್ಲ. ಇದು ನಾನು ಕಂಡುಹಿಡಿದದ್ದಲ್ಲ, ಅಕ್ರಿಲಿಕ್ ಕೆಲಸದವರಿಗೆ ಗೊತ್ತಿರುವುದೇ. ಕಿಂಡಿಯ ಆಕಾರಕ್ಕೆ, ದಪ್ಪಕ್ಕೆ, ದಿನದಿನದ ಒರೆಸುವಿಕೆಗೆ ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ತಾಳೆ ಹಾಕಿದ್ದು ಮಾತ್ರ ನನ್ನ ಕೆಲಸ. ತಟ್ಟೆಯನ್ನು ನಾನು ಮತ್ತೆಂದೂ ಅವರ ಕಡೆ ಬಿಡಲಿಲ್ಲ. ಯಂತ್ರದ ಮುಂದೆ ನಿಂತು, ಪಟ್ಟಿಗಳನ್ನು ನಾನೇ ಸಿಕ್ಕಿಸಿ, ಮುರಿದ ತುಂಡುಗಳನ್ನೂ ಎತ್ತಿಕೊಂಡು ಬರುತ್ತಿದ್ದೆ. ಅವರು ಪಕ್ಕದಲ್ಲೇ ಕೂತು ಗಟ್ಟಿಯಾಗಿ ಫೋನಿನಲ್ಲಿ ಮಾತಾಡುತ್ತಿದ್ದರು.

ವಿಭಾಗದ ಎಲ್ಲರ ಮುಂದೆ ಕೆಲಸ ಒಪ್ಪಿಸುವ ದಿನ ಬಂತು. ನಾನು ಮುಗಿಸುತ್ತಿದ್ದಂತೆ ಅವರು ಎದ್ದು ನಿಂತರು.

"ಒಂದು ವಿಷಯ ರೆಕಾರ್ಡ್ ಆಗ್ಲಿ. ಸ್ಪಿರಿಟ್ ಪ್ರಶ್ನೆ ಎತ್ತಿದ್ದು ನಾನು. ಆ ಕಡೆಯವರು ಅದನ್ನ ಎಲ್ಲೂ ಹೇಳ್ಲಿಲ್ಲ."

ಮುಖ್ಯಸ್ಥರು ನನ್ನ ಕಡೆ ನೋಡಿದರು. ಕಣ್ಣಲ್ಲೇ ಬೇಡ ಎಂದರು.

"ಹೌದು, ಸರ್‌ದೇ ಪ್ರಶ್ನೆ" ಎಂದೆ. "ದಿನಾ ಬೆಳಿಗ್ಗೆ ಬೇಗ ಬಂದು ನನ್ನ ಸ್ಯಾಂಪಲ್‌ಗಳಿಗೆ ಗುಟ್ಟಾಗಿ ಸ್ಪಿರಿಟ್ ಒರೆಸಿ ಎತ್ತಿದ ಪ್ರಶ್ನೆ. ನಾನೇ ಒಂದಿನ ಕಣ್ಣಾರೆ ನೋಡಿದೀನಿ. ಬೇಕಾದ್ರೆ ಅದನ್ನೂ ರೆಕಾರ್ಡ್ ಮಾಡೋಣ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವರ ಮುಖ ಕಪ್ಪಿಟ್ಟಿತು, ಆದರೆ ತಲೆ ತಗ್ಗಿಸಲಿಲ್ಲ. "ಕ್ಲೀನ್ ಮಾಡಿದ್ದು" ಎಂದು ಮತ್ತೆ ಹೇಳಿ ಕೂತರು. ನನಗೆ ಖುಷಿಯಾಯಿತು. ಎದೆಯಲ್ಲಿ ಬೆಚ್ಚಗಿನ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಖುಷಿ. ಅಂದು ಮನೆಯಲ್ಲಿ ಊಟ ಮಾಡುವಾಗಲೂ ಅವರ ಮುಖವನ್ನು ನೆನೆದುಕೊಂಡು ನಕ್ಕಿದ್ದೆ.

ಮರುದಿನ ಮುಖ್ಯಸ್ಥರು ಕಾರಿಡಾರಿನಲ್ಲಿ ನಿಲ್ಲಿಸಿದರು. "ಪೇಪರಲ್ಲಿ ಅವರ ಹೆಸರು ಹಾಕ್ಬಿಡಿ ಮೇಡಂ. ಕೊನೇಲಿ, ಚಿಕ್ಕದಾಗಿ. ಎಲ್ಲ ಮುಗ್ದೋಗತ್ತೆ."

"ಮುಗಿಯೋದು ಬೇಡ ಸರ್" ಎಂದೆ.

ಆಮೇಲೆ ಯಂತ್ರಕ್ಕೆ ಯಾವಾಗ ಹೋದರೂ ಕೆಟ್ಟಿದೆ ಎನ್ನುವ ಉತ್ತರ ಸಿಕ್ಕಿತು. ಉಳಿದ ಪಟ್ಟಿಗಳನ್ನು ಬಸ್ಸಿನಲ್ಲಿ ಹೊತ್ತುಕೊಂಡು ಊರಿನ ಆ ತುದಿಯ ಇನ್ನೊಂದು ಸಂಸ್ಥೆಯಲ್ಲಿ ಎಳೆಸಿಕೊಂಡು ಬಂದೆ. ಪಿಎಚ್‌ಡಿ ಮುಗಿಯುವುದು ತಡವಾಯಿತು, ಆದರೂ ಮುಗಿಯಿತು. ಹೊಸ ವಿಧಾನದಲ್ಲಿ ಮಾಡಿಸಿದ ಒಂದು ಮುಚ್ಚಳವನ್ನು ನರ್ಸಿಂಗ್ ಹೋಮಿನವರು ಪರೀಕ್ಷೆಗೆಂದು ಕೂರಿಸಿಕೊಂಡರು. ಕೆಲವು ತಿಂಗಳ ಮೇಲೆ ಹೋದಾಗ ಅದೇ ನರ್ಸ್ ಸಿಕ್ಕಿದರು. "ಒಡೆದಿಲ್ಲ ಇನ್ನೂ" ಎಂದರು, ಒಡೆಯಲಿ ಎಂದು ಕಾಯುತ್ತಿರುವವರ ಹಾಗೆ. ಒಳಗೆ ಅಂಗೈಯಷ್ಟು ಟೋಪಿ ಹಾಕಿಕೊಂಡು ಒಂದು ಮಗು ಮಲಗಿತ್ತು. ಮುಚ್ಚಳ ಎಷ್ಟು ಸ್ವಚ್ಛವಾಗಿತ್ತೆಂದರೆ ಮಗುವಿನ ಉಸಿರು ಏರಿಳಿಯುವುದು ಕಾಣುತ್ತಿತ್ತು. ಅಷ್ಟು ಹೊತ್ತು ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಪೇಪರ್ ಅಚ್ಚಾದಾಗ ಅವರು ಅದನ್ನು ಓದಿದ್ದರು. ಮೊದಲ ಸಲ ಗಾಜಿನ ಗೋಡೆ ದಾಟಿ ನನ್ನ ಮೇಜಿನ ಬಳಿ ಬಂದರು.

"ನನ್ನ ಹೆಸರಿಲ್ಲ."

"ಇಲ್ಲ ಸರ್."

"ನಾನು ಒರೆಸ್ದೇ ಇದ್ದಿದ್ರೆ ಇದು ಆಗ್ತಿತ್ತಾ?"

"ಬಹುಶಃ ಆಗ್ತಿರ್ಲಿಲ್ಲ."

"ಅಷ್ಟು ಬರೀಬಹುದಿತ್ತಲ್ಲ?"

"ಬರೀಬಹುದಿತ್ತು" ಎಂದೆ. "ಬರೀಲಿಲ್ಲ."

ನಾನು ಕೈಗವಸು ಹಾಕಿಕೊಂಡು ಮುಂದಿನ ಹಲಗೆಗೆ ದ್ರವ ಸುರಿಯತೊಡಗಿದೆ. ಅವರು ಮೂಗು ಮುಚ್ಚಿಕೊಂಡು ಹೋದರು.