ಒಂದು ಗೇಣು ತೆರೆದಿಟ್ಟ ಕೌದಿ

ಏಪ್ರಿಲ್ ಇಪ್ಪತ್ತೊಂದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅಜ್ಜಿ ಕೌದಿಗೆ ಮೊದಲ ಸೂಜಿ ಹಾಕಿದರು. ಡೈರಿಯಲ್ಲಿ ಹಾಗೆಂದು ಬರೆದು, ಪಕ್ಕದಲ್ಲಿ ‘ಫ್ಯಾನು ಐದರಲ್ಲಿ, ಆದರೂ ಸೆಕೆ’ ಎಂದು ಸೇರಿಸಿದ್ದೇನೆ. ದಟ್ಟಗಳ್ಳಿಯ ನಮ್ಮ ಮನೆ ಮೊದಲ ಮಹಡಿಯಲ್ಲಿದೆ, ಮೇಲೆ ಬರೀ ತಾರಸಿ. ಹನ್ನೊಂದರ ಹೊತ್ತಿಗೆ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಕುತ್ತದೆ. ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ನಡುಮನೆಯಲ್ಲಿ ಚಾಪೆ ಹಾಸಿಕೊಂಡರೆ ಸಂಜೆಯವರೆಗೂ ಅದೇ ನಮ್ಮ ಜಾಗ.

ಕೌದಿ ಅಕ್ಕನ ಮಗುವಿಗೆ. ಎಂಟು ತಿಂಗಳು ತುಂಬುವ ಮೊದಲೇ ಅಕ್ಕ ಹೆರಿಗೆಗೆಂದು ಬಂದಿದ್ದಳು. ಅಮ್ಮ ಕೆಲಸಕ್ಕೆ ಹೋದರೆ ಬರುವುದು ಆರು ಗಂಟೆಗೆ. ಅಲ್ಲಿಯವರೆಗೆ ನಾವು ಮೂವರೇ. ಅಜ್ಜಿ ತಮ್ಮ ಹಳೆಯ ನೂಲಿನ ಸೀರೆಗಳನ್ನು ಒಗೆದು, ನಾಲ್ಕು ಪದರ ಮಾಡಿ ಚಾಪೆಯ ಮೇಲೆ ಹಾಸಿ, ಒಂದು ಸುಕ್ಕೂ ಇಲ್ಲದಂತೆ ಅಂಗೈಯಿಂದ ಸವರಿದರು. ಆಮೇಲೆ ಉದ್ದಕ್ಕೂ ಸಣ್ಣ ಹೊಲಿಗೆಯ ಸಾಲುಗಳು. ಸೂಜಿ ಬೆವರಿಗೆ ಅಂಟಿಕೊಂಡಾಗಲೆಲ್ಲ ತಲೆಗೂದಲಲ್ಲಿ ಒಮ್ಮೆ ಉಜ್ಜಿ ಮತ್ತೆ ಬಟ್ಟೆಗೆ ಇಳಿಸುತ್ತಿದ್ದರು.

ನನ್ನ ಕೆಲಸ ಎರಡು. ಬೆಳಿಗ್ಗೆ ಏಳು ಸೂಜಿಗಳಿಗೆ ದಾರ ಪೋಣಿಸಿ ದಿಂಬಿನ ಮೂಲೆಗೆ ಚುಚ್ಚಿಡುವುದು, ಮಧ್ಯಾಹ್ನ ಗಟ್ಟಿಯಾಗಿ ಓದುವುದು. ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಇನ್ನೂ ಮಂಜು. ದಾರ ಹಾಕಿಕೊಡು ಎಂದು ಪ್ರತಿಸಲ ಕರೆಯುವುದು ಅವರಿಗೆ ಇಷ್ಟವಿಲ್ಲ. ಓದಲು ಬಾಡಿಗೆ ಪುಸ್ತಕದ ಅಂಗಡಿಯಿಂದ ರಟ್ಟು ಕಿತ್ತುಹೋದ ಪತ್ತೇದಾರಿ ಕಾದಂಬರಿಯೊಂದನ್ನು ತಂದಿದ್ದೆ. ಬಸುರಿಯ ಮುಂದೆ ಕೊಲೆಯ ಕಥೆ ಓದುತ್ತೀರಲ್ಲ ಎಂದು ಅಮ್ಮ ರೇಗಿದರು. ಕೊಲೆ ಬಂದಾಗಲೇ ಮಗು ಚೆನ್ನಾಗಿ ಒದೆಯುತ್ತದೆ, ನಿಲ್ಲಿಸಬೇಡ ಎಂದಳು ಅಕ್ಕ. ಅಜ್ಜಿಯಂತೂ ಮೂವತ್ತನೇ ಪುಟಕ್ಕೇ ತೀರ್ಪು ಕೊಟ್ಟಿದ್ದರು.

“ಆ ಡಾಕ್ಟ್ರೇ ಕಣಮ್ಮ. ಕರೀದೆ ಬಂದು ಕಾಫಿ ಕುಡ್ಕೊಂಡ್ ಹೋಗೋರನ್ನ ನಂಬ್ಬಾರ್ದು.”

ಎರಡು ವರ್ಷದ ಹಿಂದೆಯೂ ಒಂದು ಕೌದಿ ಹೊಲಿದಾಗಿತ್ತು. ಅಜ್ಜಿಯ ಕಡೆ ಒಂದು ಪದ್ಧತಿ ಇದೆ. ಕೌದಿಯ ಒಂದು ಮೂಲೆಯಲ್ಲಿ ಹೊಲಿಗೆಯ ಸಾಲುಗಳನ್ನು ಒಂದು ಗೇಣು ಮೊದಲೇ ನಿಲ್ಲಿಸಿ, ಅಂಚನ್ನೂ ತೆರೆದೇ ಬಿಡುತ್ತಾರೆ. ಮಗು ಬಂದ ಮೇಲೆ ಮುಚ್ಚುವುದು. ಆ ಸಲ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಆಮೇಲೆ ತಿಂಗಳುಗಟ್ಟಲೆ ಸೂಜಿ ಹಿಡಿಯುವಂತಿಲ್ಲ ಎಂದಿದ್ದರು. ಅಜ್ಜಿ ಮೂಲೆಯನ್ನೂ ಮುಚ್ಚಿ ಮುಗಿಸಿಬಿಟ್ಟರು. ಏಳನೇ ತಿಂಗಳಲ್ಲಿ ಅಕ್ಕನ ಮಗು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅದಕ್ಕೆ ಕಾರಣ ಹೇಳಿದರು. ಅಜ್ಜಿ ತಮ್ಮದೇ ಕಾರಣ ಇಟ್ಟುಕೊಂಡರು. ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಒಂದೇ ಒಂದು ಸಲ ಅದನ್ನು ಹೇಳಿಕೊಂಡದ್ದು ಅಕ್ಕನಿಗೂ ಕೇಳಿಸಿತ್ತು, ನನಗೂ. ಆ ಕೌದಿ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ಜೊತೆ ಉಳಿದಿತ್ತು.

ಮೇ ಎರಡನೇ ವಾರಕ್ಕೆ ಹೊಸ ಕೌದಿಯಲ್ಲಿ ಆ ಗೇಣು ಜಾಗ ಬಿಟ್ಟರೆ ಬೇರೇನೂ ಬಾಕಿ ಇರಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಎದ್ದವರೇ ಮೂಲೆಯನ್ನು ಮುಟ್ಟಿ ನೋಡುತ್ತಿದ್ದರು, ತೆರೆದಿದೆಯೇ ಎಂದು. ರಾತ್ರಿ ದೀಪ ಆರಿಸುವ ಮೊದಲು ಮತ್ತೊಮ್ಮೆ. ಮಧ್ಯಾಹ್ನ ನಾನು ಓದುವಾಗ ಕೈ ಕಟ್ಟಿಕೊಂಡು ಕೂತಿರುತ್ತಿದ್ದರು. ಅವರು ಬರಿಗೈಯಲ್ಲಿ ಕಥೆ ಕೇಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅಕ್ಕ ಪುಸ್ತಕದ ಕಡೆ ಕಿವಿಯಿಟ್ಟು ಅಜ್ಜಿಯ ಕೈಗಳನ್ನೇ ನೋಡುತ್ತಿದ್ದಳು.

ಮೇ ಹದಿನಾಲ್ಕು, ಗುರುವಾರ. ಅಜ್ಜಿ ಸೆಕೆ ತಡೆಯಲಾರದೆ ಎರಡನೇ ಸಲ ಸ್ನಾನಕ್ಕೆ ಹೋಗಿದ್ದರು. ಅಕ್ಕ ದಿಂಬಿನಿಂದ ಒಂದು ಸೂಜಿ ಎಳೆದುಕೊಂಡಳು. ಕುಪ್ಪಸಕ್ಕೆ ಕಿತ್ತ ಹುಕ್ಕು ಹೊಲಿದುಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಮುಂದಿನ ಪುಟಗಳ ಮೇಲೆ ಕಣ್ಣಾಡಿಸುತ್ತಿದ್ದೆ. ಅಜ್ಜಿ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಕೌದಿ ಅಕ್ಕನ ತೊಡೆಯ ಮೇಲಿತ್ತು, ಮೂಲೆ ಮುಚ್ಚಿತ್ತು. ಅಜ್ಜಿ ಅದರ ಮೇಲೆ ಬೆರಳಾಡಿಸಿದರು. ಅಲ್ಲೇ ನೆಲದ ಮೇಲೆ ಕೂತು, ಕತ್ತರಿಗೆ ಕೈ ಚಾಚಿದರು.

ಅಕ್ಕ ಅವರ ಮಣಿಕಟ್ಟು ಹಿಡಿದುಕೊಂಡಳು. “ಬುಡು ಅಜ್ಜಿ, ಬಿಚ್ಬೇಡ. ಆವತ್ತು ಆಗಿದ್ದಕ್ಕೂ ನೀನು ಹೊಲ್ದಿದ್ದಕ್ಕೂ ಸಂಬಂಧ ಇಲ್ಲ. ದಿನಾ ನೀನು ಇದನ್ನ ಮುಟ್ಟಿ ಮುಟ್ಟಿ ನೋಡ್ತೀಯಲ್ಲ, ಅದು ನನ್ ಕೈಲಿ ನೋಡಕ್ಕಾಗ್ತಿಲ್ಲ.”

“ನಿಂಗೆ ಧೈರ್ಯ ಇದೆ ಕಣಮ್ಮ,” ಎಂದರು ಅಜ್ಜಿ. “ನಂಗಿಲ್ಲ.”

ಅಜ್ಜಿ ಬಿಚ್ಚಲಿಲ್ಲ. ಬಿಚ್ಚುವುದು ಬೇಡ ಎಂಬುದನ್ನೂ ಒಪ್ಪಲಿಲ್ಲ. ಕೌದಿ ಚಾಪೆಯ ಮೇಲೆ ಇಬ್ಬರ ನಡುವೆ ಬಿದ್ದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಅಜ್ಜಿ ಸಂಜೆಯ ಮಜ್ಜಿಗೆ ಮುಟ್ಟಲಿಲ್ಲ. ಆ ದಿನದ ಡೈರಿಯಲ್ಲಿ ‘ಓದಿದ ಪುಟ’ ಎಂಬಲ್ಲಿ ಸೊನ್ನೆ ಇದೆ. ಮುಂದಿನ ಎರಡು ದಿನವೂ ಸೊನ್ನೆ.

ಭಾನುವಾರ ಇಲವಾಲದಿಂದ ಅಜ್ಜಿಯ ತಂಗಿ ಬಂದರು. ನಮಗೆ ಚಿಕ್ಕಜ್ಜಿ. ಒಂದು ಚೀಲ ಮಾವಿನಹಣ್ಣು ಇಳಿಸಿ, ಬಸ್ಸಿನಲ್ಲಿ ಬೆಂದುಹೋದೆ ಎಂದು ಮುಖಕ್ಕೆ ನೀರು ಹಾಕಿಕೊಂಡು, ಚಾಪೆಯ ಮೇಲೆ ಕೂತು ಹಣ್ಣು ಹೆಚ್ಚತೊಡಗಿದರು. ಪಕ್ಕದಲ್ಲೇ ಕೌದಿ. ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಎತ್ತಿ, ನಾಲ್ಕೂ ಮೂಲೆ ತಿರುಗಿಸಿ ನೋಡಿದರು.

“ಏನಕ್ಕ, ಮುಚ್ಚೇ ಬುಟ್ಟಿದ್ದೀಯ? ಬೀಗಿತ್ತಿ ಸೀರೆ ತುಂಡು ಎಲ್ಲಿಗ್ ಹಾಕ್ತೀಯ?”

ನಮಗೆ ಅರ್ಥವಾಗಲಿಲ್ಲ. ಚಿಕ್ಕಜ್ಜಿ ಹಣ್ಣು ಹೆಚ್ಚುತ್ತಲೇ ವಿವರಿಸಿದರು. ಮಗುವಿನ ತಂದೆಯ ತಾಯಿ ಮಗು ನೋಡಲು ಬರುವಾಗ ತಾವು ಉಟ್ಟ ಹಳೆಯ ಸೀರೆಯ ಒಂದು ತುಂಡು ತರಬೇಕು. ಅದನ್ನು ಆ ಮೂಲೆಯೊಳಗೆ ತೂರಿಸಿ, ಕೌದಿ ಹೊಲಿದವರೂ ಅವರೂ ಸೇರಿ ಹೊಲಿದು ಮುಚ್ಚಬೇಕು. ಅದಕ್ಕೇ ಜೇಬಿನಷ್ಟು ಜಾಗ ಬಿಡುವುದು. ನಮ್ಮ ಅಜ್ಜಿ ಹದಿನಾರಕ್ಕೆ ಮದುವೆಯಾಗಿ ಹೋದವರು. ಚಿಕ್ಕಜ್ಜಿ ಇನ್ನೂ ಎಂಟು ವರ್ಷ ತಾಯಿಯ ಪಕ್ಕ ಕೂತು ಹೊಲಿದವರು.

ಮಗು ಬರುವ ಮುಂಚೆ ಮುಚ್ಚಬೇಡ ಎಂದು ಅವ್ವ ಹೇಳಿದ್ದು ತಮಗೆ ಚೆನ್ನಾಗಿ ನೆನಪಿದೆ ಎಂದರು ಅಜ್ಜಿ.

“ಊ ಮತ್ತೆ. ಮಗು ಬರ್ದೆ ಬೀಗಿತ್ತಿ ಯಾಕ್ ಬರ್ತಾಳೆ?”

“ಅಷ್ಟೇನಾ?”

“ಅಷ್ಟೇ ಕಣಕ್ಕ. ಇನ್ನೇನಿದ್ದಾತು?” ಎಂದು ಚಿಕ್ಕಜ್ಜಿ ಓಟೆಯನ್ನು ನನ್ನ ಕೈಗಿತ್ತರು.

ಅಜ್ಜಿ ಎದ್ದು ಬಚ್ಚಲಮನೆಗೆ ಹೋದರು. ತುಂಬಾ ಹೊತ್ತು ನಲ್ಲಿ ಹರಿಯುವ ಸದ್ದು ಕೇಳಿಸುತ್ತಿತ್ತು. ಹೊರಗೆ ಬಂದಾಗ ಕಣ್ಣುಗಳು ಕೆಂಪಾಗಿದ್ದವು. ಅಕ್ಕ ಕತ್ತರಿಯ ಹಿಡಿಯನ್ನು ಅವರ ಕಡೆಗೆ ಚಾಚಿದಳು. ಅಜ್ಜಿ ತೆಗೆದುಕೊಳ್ಳಲಿಲ್ಲ.

“ನೀನ್ ಹೊಲ್ದಿದ್ದು, ನೀನೇ ಬಿಚ್ಚು,” ಎಂದು ಅಕ್ಕನ ಪಕ್ಕಕ್ಕೆ ಸರಿದು ಕೂತರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲಿಗೆ ನಿಲ್ಲಿಸಿದ್ದೆ, ಆ ಡಾಕ್ಟರ್ ಸಿಕ್ಕಿಬಿದ್ದನೇ ಎಂದು ಕೇಳಿದರು. ಆ ಮಧ್ಯಾಹ್ನ ಮೂವತ್ತೆಂಟು ಪುಟ ಓದಿದೆ. ಕೊಲೆ ಮಾಡಿದ್ದು ಡಾಕ್ಟರಲ್ಲ. ಬರೆದವರಿಗೇ ಸರಿಯಾಗಿ ಗೊತ್ತಿಲ್ಲ ಎಂಬುದು ಅಜ್ಜಿಯ ಅಭಿಪ್ರಾಯ.

ಜೂನ್ ನಾಲ್ಕು, ಬೆಳಿಗ್ಗೆ ಐದೂ ನಲವತ್ತಕ್ಕೆ ಹೆಣ್ಣುಮಗು. ಹನ್ನೆರಡನೇ ದಿನ ಅಕ್ಕನ ಅತ್ತೆ ಒಂದು ಹಸಿರು ಸೀರೆಯ ಸೆರಗು ಮಡಚಿ ತಂದರು. ಅಜ್ಜಿಯೂ ಅವರೂ ಚಾಪೆಯ ಮೇಲೆ ಕೂತು ಮೂಲೆ ಹೊಲಿದರು. ಅರ್ಧ ಸಣ್ಣ ಹೊಲಿಗೆ, ಅರ್ಧ ದಪ್ಪ. ಮಾರನೆಯ ದಿನ ಅಜ್ಜಿ ಟ್ರಂಕಿನಿಂದ ಹಳೆಯ ಕೌದಿಯನ್ನು ತೆಗೆದು, ತಾವೇ ಒಗೆದು ತಾರಸಿಯಲ್ಲಿ ಹರವಿದರು. ಅದನ್ನೂ ಹಾಸಿ ಎಂದವಳು ಅಕ್ಕ. ಈಗ ಹಳೆಯದು ಕೆಳಗೆ, ಹೊಸದು ಮೇಲೆ, ನಡುವೆ ಮಗು.

ಆಮೇಲೆ ಹಲವರನ್ನು ಕೇಳಿದ್ದೇನೆ. ಶ್ರೀರಾಂಪುರದ ಅಮ್ಮನ ಗೆಳತಿ ಇಂಥದ್ದು ಕೇಳಿಯೇ ಇಲ್ಲ ಎನ್ನುತ್ತಾರೆ. ಅವ್ವ ಎರಡೂ ಹೇಳಿದ್ದಿರಬಹುದು, ತಮಗೆ ಒಂದೇ ನೆನಪುಳಿಯಿತು ಎನ್ನುತ್ತಾರೆ ಅಜ್ಜಿ. ಚಿಕ್ಕಜ್ಜಿಯ ಮಾತಿಗೆ ಇನ್ನೊಬ್ಬರ ಸಾಕ್ಷಿ ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಕೌದಿಯ ಮೂಲೆ ತೆರೆದಿಡುತ್ತಿದ್ದರೆ, ಯಾರ ಬಟ್ಟೆ ಒಳಗೆ ಸೇರುತ್ತಿತ್ತು, ಮುಚ್ಚುತ್ತಿದ್ದವರು ಯಾರು, ನಿಮಗೆ ಹೇಳಿದವರು ಯಾವ ಊರಿನವರು ಎಂದು ದಯವಿಟ್ಟು ಬರೆಯಿರಿ. ಬಂದ ಕಾಗದವನ್ನು ಮಧ್ಯಾಹ್ನ ಅಜ್ಜಿಗೆ ಓದಿ ಹೇಳುತ್ತೇನೆ.